ಏಳನೇ ಮನೆ, ಐದನೇ ಪ್ಲಗ್ಗು

ಹನ್ನೊಂದು ಮನೆ ಒಪ್ಪಿದವು.
ಹನ್ನೆರಡನೆಯವರು, ಗೋಪಾಳದಲ್ಲಿ,
‘ಇದರಿಂದ ಬಿಲ್ಲು ಜಾಸ್ತಿ ಬರುತ್ತೆ ಕಣಮ್ಮ’ ಅಂತ
ಕಾಫಿ ಕೊಟ್ಟು ಕಳಿಸಿದರು.

ಕೆಲಸ ಇಷ್ಟೇ. ಮೀಟರ್ ಬೋರ್ಡಿನ ಹತ್ತಿರ
ದಪ್ಪ ವೈರಿಗೆ ಒಂದು ಬಳೆ ತೊಡಿಸುವುದು.
ಸೆಕೆಂಡಿಗೊಮ್ಮೆ ಅದು ಹೇಳುತ್ತದೆ
ಇಡೀ ಮನೆ ಎಷ್ಟು ಕುಡಿಯಿತು ಅಂತ.
ಯಾರು ಕುಡಿದರು ಅಂತ ಹೇಳುವುದಿಲ್ಲ.
ಅದಕ್ಕೇ ಒಂದೊಂದು ಪ್ಲಗ್ಗಿಗೂ ಒಂದೊಂದು ಡಬ್ಬಿ.
ಆರು ತಿಂಗಳು ಹೀಗೆ ಬರೆದಿಟ್ಟು ಊರಿಗೆಲ್ಲ ಕೊಟ್ಟರೆ
ನಾಳೆ ಡಬ್ಬಿಯೇ ಇಲ್ಲದ ಮನೆಯಲ್ಲೂ
ಕಂಪ್ಯೂಟರು ಒಂದೇ ಗೆರೆ ನೋಡಿ
ಇದು ಫ್ರಿಜ್ಜು, ಇದು ಗೀಸರು ಅನ್ನಬೇಕು,
ಬೀದಿಯಲ್ಲಿ ನಿಂತೇ
ಯಾರ ಮನೆಯ ಒಗ್ಗರಣೆ ಅಂತ ಹೇಳುವವರ ಹಾಗೆ.

ಅದಕ್ಕೆ ಮೊದಲು ನಾನು ಕಲಿತೆ.
ಫ್ರಿಜ್ಜು ಇಪ್ಪತ್ತು ನಿಮಿಷಕ್ಕೊಂದು ಮೆಟ್ಟಿಲು.
ಗೀಸರು ಎರಡು ಸಾವಿರ ವ್ಯಾಟಿನ ಗೋಡೆ.
ಗ್ರೈಂಡರು, ಉದ್ದು ನುಣ್ಣಗಾಗುತ್ತ ಬಂದ ಹಾಗೆ
ತಾನೂ ತಣ್ಣಗಾಗುತ್ತದೆ.
ಆಷಾಢದಲ್ಲಿ ಬೆಳಿಗ್ಗೆ ಏಳೂವರೆಗೆ
ಹನ್ನೊಂದೂ ಮನೆಯಲ್ಲಿ ಇಸ್ತ್ರಿಪೆಟ್ಟಿಗೆ:
ಒಣಗದ ಯೂನಿಫಾರ್ಮು, ಕಾಲರು, ಕಂಕುಳು.
ಕರೆಂಟು ಹೋದರೆ ಸೊನ್ನೆ.
ಸೊನ್ನೆಗೂ ಕಾರಣ ಬರೆಯಬೇಕು.
‘ಮರ ಬಿದ್ದಿದೆ.’ ‘ಗೊತ್ತಿಲ್ಲ.’ ‘ಗೊತ್ತಿಲ್ಲ.’

ಏಳನೇ ಮನೆ, ಐದನೇ ಪ್ಲಗ್ಗು: ಮಿಕ್ಸಿ.
ಬೆಳಿಗ್ಗೆ ಆರೂಕಾಲು, ಚಟ್ನಿ. ಸರಿ.
ರಾತ್ರಿ ಎರಡು ನಲವತ್ತಕ್ಕೆ ಯಾವ ಚಟ್ನಿ?

ಗೆರೆಯನ್ನು ಹಿಗ್ಗಿಸಿ ನೋಡಿದೆ. ಚೂರು ಓಡುತ್ತದೆ,
ತಡೆಯುತ್ತದೆ, ಯೋಚಿಸುತ್ತದೆ,
ಮತ್ತೆ ಉದ್ದಕ್ಕೆ ಓಡುತ್ತದೆ.
ಉಳಿದವೆಲ್ಲ ಸ್ವಿಚ್ಚಿನ ಮಾತು ಕೇಳುವವು.
ಇದು ಯಾರದೋ ಪಾದದ ಮಾತು ಕೇಳುತ್ತಿದೆ.

‘ಅಜ್ಞಾತ ಅಂತ ಬರೆದು ಮುಂದೆ ಹೋಗಿ’
ಅಂದರು ನಮ್ಮ ಪ್ರೊಫೆಸರು.
ನಾನು ಪ್ರಿಂಟು ತೆಗೆದುಕೊಂಡು ಶರಾವತಿ ನಗರಕ್ಕೆ ಹೋದೆ.

ಲೂರ್ದಿನಾ ಕನ್ನಡಕ ಹುಡುಕಿ ಹಾಕಿಕೊಂಡರು.
ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು
ಗೆರೆಯ ಮೇಲೆ ಬೆರಳಿಟ್ಟು ನಡೆದರು.
‘ಇದು ತೋಳು.
ಇಲ್ಲಿ ಕುತ್ತಿಗೆ ತಿರುಗಿಸಿದ್ದು, ಅದಕ್ಕೇ ನಿಧಾನ.
ಅಯ್ಯೋ, ಇಲ್ಲಿ ನೋಡಿ, ದಾರ ಕಿತ್ತು ಹೋದದ್ದು.’
ನಾಲ್ಕು ತಿಂಗಳು ನಾನು ಓದಲಾಗದ್ದನ್ನು
ಒಂದೇ ಉಸಿರಿಗೆ ಓದಿ ಮುಗಿಸಿ
ಕಾಗದ ನಾಲ್ಕು ಮಡಿಕೆ ಮಾಡಿದರು.

‘ಕಣ್ಣಿನ ಆಪರೇಷನ್ ಆದ ಮೇಲೆ
ಮಿಷನ್ನು ಮಾರಿಯಾಯ್ತು ಅಂತ ಮನೆಯವರ ಲೆಕ್ಕ.
ಅವರಿಗೆ ಭದ್ರಾವತಿಯಲ್ಲಿ ರಾತ್ರಿ ಪಾಳಿ.
ಇದನ್ನ ನಿಮ್ಮ ಪುಸ್ತಕದಿಂದ ತೆಗೀತೀರಲ್ಲ?’

ತೆಗೆದೆ. ಐದನೇ ಕಾಲಮ್ಮು, ಅರವತ್ತೊಂದು ರಾತ್ರಿ.
ಹೆಸರು ಮೊದಲೇ ಇರಲಿಲ್ಲ, ‘ಮನೆ ೭’ ಅಷ್ಟೇ.

ಆದರೆ ಬೋರ್ಡಿನ ಹತ್ತಿರ ಆ ಬಳೆ ಇತ್ತಲ್ಲ.
ಅದು ಒಟ್ಟು ಮೊತ್ತ.
ಅದರಿಂದ ಫ್ರಿಜ್ಜು ಕಳೆಯಿರಿ, ಫ್ಯಾನು ಕಳೆಯಿರಿ,
ಅಡುಗೆಮನೆಯ ಒಂದು ಬಲ್ಬು ಕಳೆಯಿರಿ,
ಉಳಿಯುವುದು ಒಂದು ಪಾದ.
ಅದನ್ನು ತೆಗೆಯಬೇಕಾದರೆ ಮೊತ್ತವೇ ಸುಳ್ಳಾಗಬೇಕು.
ಮೊತ್ತವನ್ನು ನಾನು ಮುಟ್ಟಲಿಲ್ಲ.
ಧೈರ್ಯವೋ ಹೇಡಿತನವೋ,
ಅದರ ಕಾಲಮ್ಮು ನಮ್ಮಲ್ಲಿಲ್ಲ.

ಈಗ ಎಲ್ಲೆಲ್ಲಿಯವರೋ ಬರೆಯುತ್ತಾರೆ:
ನಿಮ್ಮ ಏಳನೇ ಮನೆಯನ್ನು ನಮ್ಮ ವಿಧಾನ
ನೂರಕ್ಕೆ ತೊಂಬತ್ತನಾಲ್ಕು ಬಿಡಿಸಿದೆ.
ನಾನು ಮೊದಲು ನೋಡುವುದು ಉಳಿದ ಆರು.
ಇದ್ದರೆ, ಉಸಿರು ಬಿಟ್ಟು ಅಭಿನಂದನೆ ಬರೆಯುತ್ತೇನೆ.

ಮೊನ್ನೆ ಒಬ್ಬ ಹುಡುಗ ಕೇಳಿದ್ದ.
ಆ ಮನೆಯಲ್ಲಿ ನಡುರಾತ್ರಿ ಏನೋ ಅಲುಗುತ್ತಿದೆ,
ಯಾವ ಸಲಕರಣೆಗೂ ಹೊಂದುತ್ತಿಲ್ಲ,
ಏನಿರಬಹುದು ಮೇಡಂ?

‘ವೈರಿಂಗ್ ತುಂಬಾ ಹಳೆಯದು’ ಅಂತ ಉತ್ತರಿಸಿದೆ.

ಹೋದ ಫೆಬ್ರವರಿಯಲ್ಲಷ್ಟೇ ಒಕ್ಕಲಾದ ಮನೆ ಅದು.